ಊರಿನ ಗಿಡಗಳ ಪಾತಿಯಲ್ಲಿ ಕಳೆ: ಪತ್ತನಾಜೆಯ (ಮೇ ಕೊನೆಗೆ ಬರುವ ತುಳುನಾಡಿನ ಆಚರಣೆ) ಒಳಗೆ ಎಂತ ಮಾಡಿ ಮುಗಿಸಬೇಕು?

ಕೇಪಳ, ಬದಿಯಡ್ಕ

ಮನೆಯೆದುರು 30 ಅಡಿ ಉದ್ದ, 6 ಅಡಿ ಅಗಲದ ಪಾತಿ. ಅಡಿಯಲ್ಲಿ ಮುರಕಲ್ಲು (ಜಂಬಿಟ್ಟಿಗೆ), ಮೇಲೆ ಒಂದಡಿ ದಪ್ಪಕ್ಕೆ ಟಿಪ್ಪರಿನಲ್ಲಿ ತರಿಸಿದ ಮಣ್ಣು. ಒಂದು ಅರ್ಧದಲ್ಲಿ ಕೇಪಳ, ನೆಕ್ಕರಿಕ, ಸರ್ಪಗಂಧ, ಕಾಡು ಅರಿಶಿನ, ನೆಲತಾಳೆ ಇವೆ. ಇನ್ನರ್ಧ ಖಾಲಿ. ಕಳೆ ಹೀಗಿದೆ: ಎಲ್ಲ ಕಡೆ ಜೇಕು, ರಸ್ತೆಬದಿಯಿಂದ ಹಳದಿ ಹೂವಿನ ವೆಡೇಲಿಯಾ, ಬೇಲಿಯಿಂದ ಧೃತರಾಷ್ಟ್ರ ಪಚ್ಚದ (ಮಿಕಾನಿಯಾ) ಬಳ್ಳಿ, ಮೂಲೆಯಲ್ಲಿ ನಾಲ್ಕೈದು ಕಮ್ಯುನಿಸ್ಟ್ ಗಿಡ (ಕ್ರೊಮೊಲಿನಾ). ಈಗ ಮಾರ್ಚ್ ಮಧ್ಯ. ಮಳೆಗೆ ಎರಡೂವರೆ ತಿಂಗಳು ಉಂಟು. ಕಳೆ ತಡೆಯುವ ಕಪ್ಪು ಮ್ಯಾಟ್ ಹಾಸಿದರೆ ಸಾಕೇ, ಇಲ್ಲ ಪೂರ್ತಿ ಅಗೆದು ಹಾಕಬೇಕೇ? ಕಳೆನಾಶಕ ಬೇಡ.

ಮುರಕಲ್ಲು, ಮುಳ್ಳೇರಿಯ

ಮೊದಲು ಜೇಕು, ಉಳಿದದ್ದೆಲ್ಲ ಆಮೇಲೆ. ನಾಲ್ಕು ಕಳೆಯೂ ಬದುಕುವ ರೀತಿ ಬೇರೆಬೇರೆ. ಎಲ್ಲದಕ್ಕೂ ಒಂದೇ ಮದ್ದು ಹುಡುಕಿದರೆ ಕೆಲಸ ಕೆಡುತ್ತದೆ.

ಒಂದು ಜೇಕಿನ ಗಿಡವನ್ನು ಬುಡದ ಸುತ್ತ ಮಣ್ಣು ಬಿಡಿಸಿ ಮೆಲ್ಲ ಎತ್ತಿ ನೋಡಿ. ಬುಡದಲ್ಲಿ ಒಂದು ಗಂಟು, ಅದರಿಂದ ಕಪ್ಪು ತಂತಿಯಂಥ ಬೇರು, ಎರಡು ಮೂರು ಇಂಚು ಹೋಗಿ ಒಂದು ಗಡ್ಡೆ, ಮತ್ತೆ ತಂತಿ, ಮತ್ತೊಂದು ಗಡ್ಡೆ. ಮಾಲೆಯ ಹಾಗೆ. ಈ ಮಾಲೆ ತುಂಡಾಗದೆ ಇರುವಷ್ಟು ದಿನ ಹಿಂದಿನ ಗಡ್ಡೆಗಳಲ್ಲಿ ಹೆಚ್ಚಿನವು ಮಲಗಿರುತ್ತವೆ. ಗುದ್ದಲಿ ಹಾಕಿ ಕೊಚ್ಚಿದಿರೋ, ಪ್ರತಿ ಗಡ್ಡೆಯೂ ಬೇರೆಯಾಗಿ ಚಿಗುರುತ್ತದೆ. ಅಗೆದ ಪಾತಿಯಲ್ಲಿ ಜೇಕು ಒಂದಕ್ಕೆ ಹತ್ತಾಗುವುದು ಹೀಗೆ.

ಆದರೂ ನಿಮ್ಮ ಖಾಲಿ ಅರ್ಧವನ್ನು ಅಗೆಯಿರಿ ಅಂತಲೇ ಹೇಳುತ್ತೇನೆ. ಅಗೆಯುವುದು ಈಗ, ಮಣ್ಣು ಒಣಗಿರುವಾಗ ಮಾತ್ರ, ಮತ್ತು ಗಡ್ಡೆಯನ್ನು ಹೊರಗೆ ತೆಗೆಯುವುದಕ್ಕಾಗಿ ಮಾತ್ರ. ಗಡ್ಡೆಗಳಲ್ಲಿ ಬಹುಪಾಲು ಮೇಲಿನ 15 ಸೆಂ.ಮೀ. ಒಳಗೇ ಇರುತ್ತವೆ, ಕೆಲವು 30 ಸೆಂ.ಮೀ. ತನಕ. ನಿಮ್ಮದು ಒಂದೇ ಅಡಿ ಮಣ್ಣು, ಅಡಿಯಲ್ಲಿ ಮುರ. ಜೇಕಿಗೆ ಇನ್ನೂ ಕೆಳಗೆ ಓಡಲು ಜಾಗ ಇಲ್ಲ. ಇದು ನಿಮ್ಮ ಪುಣ್ಯ. ಹೀಗೆ ಮಾಡಿ:

15 ಅಡಿಯ ಖಾಲಿ ಭಾಗವನ್ನು ಮುರ ಸಿಗುವ ತನಕ ಪಿಕ್ಕಾಸಿನಿಂದ ಬಿಡಿಸಿ. ಹೆಂಟೆ ಒಡೆದು, 6 ಮಿ.ಮೀ. ಕಣ್ಣಿನ ಮರಳು ಸೋಸುವ ಜರಡಿಯಲ್ಲಿ ಹಾಕಿ. ಜರಡಿಯ ಮೇಲೆ ಉಳಿದದ್ದರಲ್ಲಿ ಕಲ್ಲು ಬೇರೆ, ಗಡ್ಡೆ ಬೇರೆ. ಗಡ್ಡೆಗಳನ್ನು ಸಿಮೆಂಟ್ ಅಂಗಳದಲ್ಲಿ ತೆಳ್ಳಗೆ ಹರಡಿ, ಎರಡು ವಾರ ಬಿಸಿಲು. ಉಗುರಿನಲ್ಲಿ ಒತ್ತಿದರೆ ತಗ್ಗದೆ, ಒಡೆದರೆ ಒಳಗೆ ಬಿಳಿ ತೇವ ಕಾಣದೆ ಇರಬೇಕು. ಆಮೇಲೆ ಒಲೆಗೆ. ಗೊಬ್ಬರದ ಗುಂಡಿಗೆ ಮಾತ್ರ ಬೇಡ.

ಗಿಡ ಇರುವ ಅರ್ಧದಲ್ಲಿ ಅಗೆತ ಬೇಡವೇ ಬೇಡ. ಅಲ್ಲಿ 12–14 ದಿನಕ್ಕೊಮ್ಮೆ ಕೈಯಿಂದ. ಜೇಕು ಮೇಲೆ ಬಂದು ಮೂರು ನಾಲ್ಕು ವಾರಕ್ಕೆ ಹೊಸ ಗಡ್ಡೆ ಕೂರಲು ಶುರುವಾಗುತ್ತದೆ. ಅದಕ್ಕೆ ಮೊದಲು ಎಲೆ ತೆಗೆಯುತ್ತಾ ಹೋದರೆ ಹಳೇ ಗಡ್ಡೆಯ ದಾಸ್ತಾನು ಖರ್ಚಾಗುತ್ತದೆ, ಹೊಸದು ಸೇರುವುದಿಲ್ಲ. ಒಂದು ತಿಂಗಳು ಬಿಟ್ಟಿರೋ, ಲೆಕ್ಕ ಪುನಃ ಮೊದಲಿಂದ.

ಸೋಗೆ, ಪೆರ್ಲ

ಮ್ಯಾಟಿನ ವಿಷಯ: ಪಾತಿಗೆ ಹಾಕಬೇಡಿ. ವರ್ಷಕ್ಕೆ 3500 ಮಿ.ಮೀ. ಹತ್ತಿರ ಮಳೆ ಬೀಳುವ ಜಾಗ ನಮ್ಮದು. ಮೊದಲ ಮಳೆಗಾಲದಲ್ಲೇ ಮ್ಯಾಟಿನ ಮೇಲೆ ಒಂದು ಪದರ ಕೆಸರು, ಕೊಳೆತ ಎಲೆ ಕೂರುತ್ತದೆ. ಆ ಪದರದಲ್ಲೇ ಕಳೆ ಹುಟ್ಟಿ ಬೇರನ್ನು ನೆಯ್ಗೆಯ ಒಳಗೆ ಹೆಣೆಯುತ್ತದೆ. ಆಮೇಲೆ ಕಳೆ ಕಿತ್ತರೆ ಮ್ಯಾಟ್ ಬರುತ್ತದೆ, ಮ್ಯಾಟ್ ಎಳೆದರೆ ಗಿಡದ ಬೇರು ಬರುತ್ತದೆ. ಜೇಕಿನ ಮೊಳಕೆಯ ತುದಿ ಸೂಜಿಯ ಹಾಗೆ, ಅದು ಮ್ಯಾಟನ್ನೂ ತೂತು ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯ, ಊರಿನ ಗಿಡಗಳ ಪಾತಿ ಅಂದರೆ ಬೀಜ ಬಿದ್ದು, ಗಡ್ಡೆ ಒಡೆದು ತಾನೇ ತುಂಬಿಕೊಳ್ಳಬೇಕು. ಮ್ಯಾಟ್ ಇದ್ದಲ್ಲಿ ಆ ದಾರಿ ಮುಚ್ಚಿತು. ನಡೆಯುವ ದಾರಿಗೆ, ಜಲ್ಲಿಯ ಅಡಿಗೆ ಆದೀತು.

ಪಾತಿಗೆ ತರಗೆಲೆಯೇ ಸರಿ. 180 ಚದರ ಅಡಿಗೆ 4 ಇಂಚು ದಪ್ಪ ಹಾಕಲು 60 ಘನ ಅಡಿ ಬೇಕು. ಅಕ್ಕಿಯ ದೊಡ್ಡ ಗೋಣಿಯಲ್ಲಿ ಸಡಿಲವಾಗಿ ತುಂಬಿದರೆ ಸುಮಾರು 17 ಗೋಣಿ. ಆಟಿ (ಜುಲೈ–ಆಗಸ್ಟ್) ಮುಗಿಯುವಾಗ ಅದು ಅರ್ಧಕ್ಕೆ ಇಳಿದಿರುತ್ತದೆ. ಹಾಗಾಗಿ ಈಗಲೇ ಇನ್ನೂ ಎಂಟು ಹತ್ತು ಗೋಣಿ ಕಟ್ಟಿ ಮಳೆ ತಾಗದ ಕಡೆ ಇಡಿ, ಸೋಣದಲ್ಲಿ (ಆಗಸ್ಟ್–ಸೆಪ್ಟೆಂಬರ್) ಎರಡನೇ ಸಲ ಹಾಕಲು.

ಯಾವ ಎಲೆ ಅನ್ನುವುದೂ ಮುಖ್ಯ. ಹಲಸು, ಮಾವು, ಗೇರು ಒಳ್ಳೆಯದು, ಗೇರಿನೆಲೆ ಬೇಗ ಕರಗುವುದಿಲ್ಲ. ತೇಗದ ಎಲೆ ಇಡಿಯಾಗಿ ಹಾಕಿದರೆ ಹೆಂಚಿನ ಹಾಗೆ ಒಂದರ ಮೇಲೊಂದು ಕೂತು ನೀರನ್ನು ಹೊರಗೆ ಚೆಲ್ಲುತ್ತದೆ, ಕೊಚ್ಚಿ ಹಾಕಿ. ಅಡಿಕೆ ಸೋಗೆಯನ್ನು ಒಂದಡಿ ತುಂಡು ಮಾಡಿ ಹಾಕಬಹುದು. ಅಡಿಕೆ ಹಾಳೆ ಬೇಡ, ಅದರಲ್ಲಿ ನೀರು ನಿಂತು ಸೊಳ್ಳೆಮರಿ ಆಗುತ್ತದೆ. ತೆಂಗಿನ ಸಿಪ್ಪೆ ಹಾಕುವುದಾದರೆ ಕವುಚಿ ಹಾಕಿ, ಕಾರಣ ಅದೇ. ಅಕೇಶಿಯಾ ಎಲೆಯ ಜತೆ ಬೀಜ ಬರುತ್ತದೆ, ಅದು ದಾರಿಗೆ ಮಾತ್ರ. ಬೈಹುಲ್ಲಿನಲ್ಲಿ ಗದ್ದೆಯ ಕಳೆಬೀಜ ಇಡೀ ಬರುವುದರಿಂದ ಅದೂ ಬೇಡ.

ಗಿಡದ ಬುಡದಿಂದ ನಾಲ್ಕು ಬೆರಳು ಬಿಟ್ಟು ಹಾಕಬೇಕು. ಬುಡಕ್ಕೆ ತಾಗಿಸಿದರೆ ಜುಲೈಯಲ್ಲಿ ಕಾಂಡ ಕೊಳೆಯುತ್ತದೆ. ಸರ್ಪಗಂಧದ ಬುಡದಲ್ಲಂತೂ ನೀರು ನಿಲ್ಲಲೇಬಾರದು.

ಗುಡ್ಡೆಬದಿ, ದೇಲಂಪಾಡಿ

ತರಗೆಲೆಯ ಅಡಿಗೆ ರಟ್ಟು ಹಾಕುವುದಾದರೆ ಈಗ ಬೇಡ, ಮೇ ಕೊನೆಗೆ. ಒಣ ನೆಲದಲ್ಲಿ ರಟ್ಟು ಹಾಕಿದರೆ ಗೆದ್ದಲಿಗೆ ಹಬ್ಬ. ಮಣ್ಣು ಒಮ್ಮೆ ಚೆನ್ನಾಗಿ ನೆನೆದ ಮೇಲೆ ಅಂಟುಪಟ್ಟಿ ಕಿತ್ತ ರಟ್ಟನ್ನು ನೀರಲ್ಲಿ ಮುಳುಗಿಸಿ, ಎರಡು ಪದರ, ಒಂದರ ಮೇಲೊಂದು 15 ಸೆಂ.ಮೀ. ಏರುವ ಹಾಗೆ ಹಾಸಿ. ಮಳೆಗಾಲಕ್ಕೆ ಮೂರು ತಿಂಗಳು ಬರುತ್ತದೆ. ಬೀಜದಿಂದ ಹುಟ್ಟುವ ಕಳೆಗೆ ಅಷ್ಟು ಸಾಕು. ಜೇಕಿಗೆ ಸಾಲದು.

ಇನ್ನು ಕಮ್ಯುನಿಸ್ಟ್ ಗಿಡ. ಎಲೆಯಲ್ಲಿ ಬುಡದಿಂದ ಹೊರಡುವ ಮೂರು ನರ, ತ್ರಿಶೂಲದ ಹಾಗೆ. ತಿಕ್ಕಿದರೆ ಗಾಢ ವಾಸನೆ. ಅದರ ಹೂ ನವೆಂಬರ್ ಕೊನೆಯಿಂದ ಜನವರಿಯೊಳಗೆ, ಆಮೇಲೆ ನೂಲಿನಂಥ ಬೀಜ ಗಾಳಿಯಲ್ಲಿ ಹಾರುತ್ತದೆ. ಹಾಗಾದರೆ ನಿಮ್ಮ ಪಾತಿಗೆ ಈ ವರ್ಷದ ಬೀಜ ಬಿದ್ದಾಗಿದೆ, ಜೂನಿನಲ್ಲಿ ಮೊಳಕೆ ಬರುತ್ತದೆ. ಗಿಡ ಇರುವ ಕಡೆ ಬರೇ ಕತ್ತಿಯಲ್ಲಿ ಸವರಿದರೆ ಬುಡದ ಗಂಟಿನಿಂದ ಐದಾರು ಚಿಗುರು ಒಟ್ಟಿಗೆ ಏಳುತ್ತದೆ. ಗಂಟಿನ ಸಮೇತ ಪಿಕ್ಕಾಸಿನಲ್ಲಿ ಎಬ್ಬಿಸಬೇಕು. ಗಂಟು ಬಂದರೆ ಕೆಳಗಿನ ಸಣ್ಣ ಬೇರು ಉಳಿದರೂ ಚಿಂತೆ ಇಲ್ಲ. ಮರಿ ಗಿಡವಾದರೆ ಜೂನ್–ಜುಲೈಯ ಮೆತ್ತನೆ ಮಣ್ಣಿನಿಂದ ಎರಡು ಬೆರಳಲ್ಲಿ ಬರುತ್ತದೆ.

ಲಂಟಾನ ಇದ್ದವರಿಗೂ ಹೇಳುತ್ತೇನೆ. ಅದನ್ನು ನೆಲಮಟ್ಟಕ್ಕೆ ಕಡಿಯುವುದು ಅಂದರೆ ಕವಾತು ಮಾಡಿದ ಹಾಗೆ. ಬುಡದ ಮಣ್ಣು ಬಿಡಿಸಿ, ನೆಲದಿಂದ 3–5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕಡಿದು, ಬುಡ ಮೇಲೆ ಮಾಡಿ ಕವುಚಿ ಹಾಕಿ. ಚಿಗುರುವ ಭಾಗ ಮೇಲೇ ಇರುವುದು, ಕೆಳಗೆ ಉಳಿದ ಬೇರಿಗೆ ಚಿಗುರುವ ಶಕ್ತಿ ಇಲ್ಲ. ಪಿಕಳಾರ ಕೂರುವ ಕೊಂಬೆಯ ಅಡಿಯಲ್ಲಿ ಮರಿ ಲಂಟಾನ ಹುಡುಕಿ, ಹಕ್ಕಿಯ ಹಿಕ್ಕೆಯಿಂದಲೇ ಅದು ಬರುವುದು.

ಕೇಪಳ, ಬದಿಯಡ್ಕ

ತುಂಬ ಉಪಕಾರ. ಖಾಲಿ ಅರ್ಧಕ್ಕೆ ಪ್ಲಾಸ್ಟಿಕ್ ಮುಚ್ಚಿ ಬಿಸಿಲಿಗೆ ಬೇಯಿಸುವ ಕ್ರಮ ಉಂಟಲ್ಲ, ಅದು ಆದೀತೇ? ಇಡೀ ಪಾತಿಗೇ ಮಾಡಬಹುದೇ? ಸರ್ಪಗಂಧದ ಎಲೆ ಈಗ ಅಷ್ಟಾಗಿ ಇಲ್ಲ.

ಮುರಕಲ್ಲು, ಮುಳ್ಳೇರಿಯ

ಇಡೀ ಪಾತಿಗೆ ಖಂಡಿತ ಬೇಡ. ಎಲೆ ಇಲ್ಲದಿದ್ದರೂ ಸರ್ಪಗಂಧದ ಬೇರು, ಕಾಡು ಅರಿಶಿನದ ಗಡ್ಡೆ, ನೆಲತಾಳೆಯ ಗಡ್ಡೆ ಅಡಿಯಲ್ಲಿ ಜೀವಂತ ಉಂಟು. ಕಳೆ ಬೇಯುವ ಬಿಸಿಗೆ ಅವೂ ಬೇಯುತ್ತವೆ. ಖಾಲಿ ಅರ್ಧಕ್ಕೆ ಮಾತ್ರ.

ಜರಡಿಯ ಕೆಲಸ ಮಾರ್ಚ್ ಕೊನೆಗೆ ಮುಗಿಸಿ. ಮಣ್ಣನ್ನು ಸಮ ಮಾಡಿ, ಕಲ್ಲು ಕಡ್ಡಿ ಹೆಕ್ಕಿ, ಒಂದಡಿ ಆಳಕ್ಕೆ ನೆನೆಯುವಷ್ಟು ನೀರು ಬಿಡಿ. ಒಣ ಮಣ್ಣಿನಲ್ಲಿ ಬಿಸಿ ಕೆಳಗೆ ಇಳಿಯುವುದಿಲ್ಲ. ಬೀಜವೂ ನೆನೆದರೆ ಮಾತ್ರ ಬೇಗ ಸಾಯುತ್ತದೆ. ಮರುದಿನ 25–50 ಮೈಕ್ರಾನಿನ ಪಾರದರ್ಶಕ ಪಾಲಿಥೀನ್. ಕಪ್ಪು ಅಲ್ಲ. ಕಪ್ಪು ಹಾಳೆ ಬಿಸಿಲನ್ನು ತಾನೇ ಹೀರಿಕೊಂಡು ಬಿಸಿಯಾಗುತ್ತದೆ, ಪಾರದರ್ಶಕವಾದರೆ ಬಿಸಿಲು ಮಣ್ಣಿಗೇ ಹೋಗುತ್ತದೆ. ನಿಮ್ಮ 15×6 ಅಡಿಗೆ 17×8 ಅಡಿಯ ಹಾಳೆ. ನಾಲ್ಕೂ ಬದಿಗೆ ಗೇಣುದ್ದ ಕಣಿ ತೆಗೆದು ಅಂಚನ್ನು ಅದರೊಳಗೆ ಹೂತು ಮಣ್ಣು ಮೆಟ್ಟಿ. ಹಾಳೆ ನೆಲಕ್ಕೆ ತಾಗಿಯೇ ಇರಬೇಕು, ಅಡಿಯಲ್ಲಿ ಗಾಳಿ ಸೇರಿದರೆ ಬಿಸಿ ಅಲ್ಲೇ ನಿಲ್ಲುತ್ತದೆ. ಆರು ವಾರ. ವಿಷುವಿನ (ಏಪ್ರಿಲ್ ಮಧ್ಯ) ಆಚೀಚೆ ಒಂದೆರಡು ಮಳೆ ಬಂದು ಹಾಳೆ ಮೇಲೆ ನೀರು ನಿಂತರೆ ಗುಡಿಸಿ ತೆಗೆಯಿರಿ, ನೀರು ನಿಂತ ಜಾಗ ಬೇಯುವುದಿಲ್ಲ. ತೂತಾದರೆ ಅಂದೇ ಟೇಪ್. ತೆಂಗಿನ ಮರದ ನೆರಳು ಮಧ್ಯಾಹ್ನ ಬೀಳುವ ಜಾಗವಾದರೆ ಈ ಕೆಲಸಕ್ಕೆ ಅರ್ಥವಿಲ್ಲ.

ಮೇ ಮಧ್ಯಕ್ಕೆ ಹಾಳೆ ತೆಗೆಯಿರಿ. ಆಮೇಲೆ 5 ಸೆಂ.ಮೀ.ಗಿಂತ ಕೆಳಗೆ ಅಗೆಯಬಾರದು, ಅಗೆದರೆ ಬೇಯದ ಬೀಜ ಮೇಲೆ ಬರುತ್ತದೆ. ಎರಡು ಸಲ ನೀರು ಬಿಡಿ, ಅಥವಾ ಮಳೆಯೇ ಬರಲಿ. ಹತ್ತು ಹನ್ನೆರಡು ದಿನಕ್ಕೆ ಉಳಿದ ಬೀಜ ಮೊಳೆಯುತ್ತದೆ. ಬಿಸಿಲಿರುವ ದಿನ ನೋಡಿ ಹುಲ್ಲುಕತ್ತಿಯ ಬಾಯಿಯನ್ನು ಅಡ್ಡ ಹಿಡಿದು ಮೇಲಿನ 1–2 ಸೆಂ.ಮೀ. ಮಾತ್ರ ಕೆರೆದುಬಿಡಿ. ಸಂಜೆಗೆ ಎಲ್ಲ ಒಣಗಿರುತ್ತದೆ. ಮೋಡ ಇರುವ ದಿನ ಕೆರೆದರೆ ಅರ್ಧ ಪುನಃ ಬೇರು ಬಿಡುತ್ತದೆ.

ತಿಮರೆ, ಮಂಜೇಶ್ವರ

ಕೆರೆಯುವ ಮಾತು ಬಂತಲ್ಲ, ಒಂದು ಎಚ್ಚರಿಕೆ. ಗಿಡ ಇರುವ ಅರ್ಧದಲ್ಲಿ ಮೇ ತಿಂಗಳಲ್ಲಿ ಏನನ್ನೂ ಕೆರೆಯಬೇಡಿ. ಕಾಡು ಅರಿಶಿನಕ್ಕೆ ಮೊದಲ ಮಳೆಗೆ ಎಲೆಗಿಂತ ಮುಂಚೆ ಹೂವಿನ ತೆನೆ ನೆಲದಿಂದ ನೇರ ಏಳುತ್ತದೆ. ಮೊದಲ ಎರಡು ದಿನ ಅದು ಮಣ್ಣಿನ ಮಟ್ಟದಲ್ಲಿ ಗುಲಾಬಿ ಮೊನೆ ಅಷ್ಟೆ, ಕತ್ತಿಗೆ ಸಿಕ್ಕಿದರೆ ಆ ವರ್ಷದ ಹೂ ಹೋಯಿತು. ಈಗಲೇ ಒಣ ಎಲೆಯ ಗುರುತು ಇರುವಲ್ಲೆಲ್ಲ ಒಂದೊಂದು ಬಿದಿರ ಕಡ್ಡಿ ಊರಿ.

ಕಳೆ ತೆಗೆಯಲು ಆಳು ಬರುವುದಾದರೆ ಬೆಳಗ್ಗೆ ಹತ್ತು ನಿಮಿಷ ಪಾತಿಯ ಎದುರು ಕೂತು ಗಿಡ ತೋರಿಸಿ. ಹೆಚ್ಚು ಕಳೆದುಹೋಗುವುದು ನೆಲತಾಳೆ. ಎಲೆ ಉದ್ದ, ಹುಲ್ಲಿನ ಹಾಗೆ ಕಾಣುತ್ತದೆ. ಆದರೆ ಹತ್ತಿರ ನೋಡಿದರೆ ಎಲೆಯ ಉದ್ದಕ್ಕೂ ನೆರಿಗೆ, ಆಗಷ್ಟೇ ಮೊಳೆತ ತೆಂಗಿನ ಗರಿಯ ಹಾಗೆ. ಬುಡದಲ್ಲಿ ನಕ್ಷತ್ರದಂಥ ಹಳದಿ ಹೂ, ಮಣ್ಣಿಗೆ ತಾಗಿಯೇ. ಜೇಕಿನ ಕಾಂಡ ಬೆರಳಲ್ಲಿ ತಿರುಗಿಸಿದರೆ ಮೂರು ಮೂಲೆ ಸಿಗುತ್ತದೆ, ನೆಲತಾಳೆಗೆ ಆ ಕಾಂಡವೇ ಇಲ್ಲ.

ವೆಡೇಲಿಯಾದಲ್ಲೂ ಎರಡುಂಟು. ರಸ್ತೆಬದಿಯಿಂದ ಬರುವ ವಿದೇಶಿಯ ಎಲೆ ಮೂರು ಹಾಲೆಯಾಗಿ ಸೀಳಿದ ಹಾಗೆ, ದಪ್ಪ, ಹೊಳಪು. ಊರಿನ ಪೀತಭೃಂಗರಾಜಕ್ಕೂ ಹಳದಿ ಹೂವೇ, ಆದರೆ ಎಲೆ ಉದ್ದುದ್ದ, ಹಾಲೆ ಇಲ್ಲ, ತೋಡಿನ ಬದಿಯ ತೇವದಲ್ಲಿ ಇರುತ್ತದೆ. ಅದನ್ನು ಉಳಿಸಿ.

ಮತ್ತೆ ಕರ್ಕಾಟಕ ಮಾಸದಲ್ಲಿ (ಆಟಿಯಲ್ಲಿ) ದಶಪುಷ್ಪ, ಅಂದರೆ ಹತ್ತು ಬಗೆಯ ಗಿಡ, ಅಂತ ಹೆಕ್ಕುವ ಗರಿಕೆ, ವಿಷ್ಣುಕ್ರಾಂತಿ, ಗರುಗ, ಸಹದೇವಿ, ನೆಲತಾಳೆ ಇವೆಲ್ಲ ಪಾತಿಯಲ್ಲಿ ತಾವಾಗಿ ಬಂದರೆ ಎಲ್ಲವನ್ನೂ ಕಳೆ ಅಂತ ಕೀಳಬೇಡಿ. ಗರಿಕೆಯನ್ನು ಪಾತಿಯಿಂದ ಹೊರಗೆ ಹಾಕಲೇಬೇಕು, ಅದು ಬಳ್ಳಿ ಬಿಟ್ಟು ಎಲ್ಲವನ್ನೂ ಮುಚ್ಚುತ್ತದೆ. ವಿಷ್ಣುಕ್ರಾಂತಿ ಬಿಸಿಲಿರುವ ಅಂಚಿಗೆ ಚಂದದ ಹೊದಿಕೆ. ಸಹದೇವಿ ಹತ್ತು ಹುಟ್ಟಿದರೆ ಎರಡು ಬಿಡಿ.

ನರ್ಸರಿ ಕೆಲಸ, ಕುಂಬಳೆ

ಬಳ್ಳಿಗಳ ಬಗ್ಗೆ ಯಾರೂ ಹೇಳಲಿಲ್ಲ.

ವಿದೇಶಿ ವೆಡೇಲಿಯಾವನ್ನು ಈಗಲೇ ತೆಗೆಯುವುದು ಒಳ್ಳೆಯದು. ಒಂದು ಅಂಚಿನಿಂದ ಬೇರು ಸಡಿಲಿಸಿ ಚಾಪೆ ಸುತ್ತಿದ ಹಾಗೆ ಸುತ್ತುತ್ತಾ ಹೋಗಿ. ಗೆಣ್ಣಿರುವ ಒಂದಿಂಚು ತುಂಡು ಬಿದ್ದರೂ ಮಳೆಗೆ ಗಿಡ. ಹಾಗಾಗಿ ಹುಲ್ಲು ಹೆರೆಯುವ ಮಿಷನ್ ಅಲ್ಲಿಗೆ ಒಯ್ಯಲೇಬಾರದು, ಅದು ತುಂಡು ಮಾಡಿ ಪಾತಿ ಇಡೀ ಬಿತ್ತುತ್ತದೆ. ಮಿಷನಿನ ನೈಲಾನ್ ದಾರ ಎಳೆ ಕೇಪಳದ ಬುಡಕ್ಕೆ ಒಮ್ಮೆ ತಾಗಿದರೆ ತೊಗಟೆ ಸುತ್ತ ಹಾರಿ ಗಿಡ ಒಣಗುವುದೂ ಉಂಟು. ಯಾವ ಗಿಡದಿಂದಲೂ ಒಂದಡಿ ದೂರ ಇರಲಿ.

ಧೃತರಾಷ್ಟ್ರ ಪಚ್ಚ ತಬ್ಬಿದ ಗಿಡವನ್ನು ಬಿಡುವುದಿಲ್ಲ, ಹೆಸರಿನ ಹಾಗೆ. ಎಳೆದರೆ ಕೇಪಳದ ಕೊಂಬೆ ಮುರಿಯುತ್ತದೆ. ಬುಡದಲ್ಲಿ ಕತ್ತರಿಸಿ, ಮೇಲಿನದ್ದು ಮೂರು ನಾಲ್ಕು ದಿನ ಒಣಗಲು ಬಿಡಿ, ಆಮೇಲೆ ಉದುರಿಸಿ ತೆಗೆಯಿರಿ. ನೆಲದಲ್ಲಿ ಹರಿದದ್ದು ಪ್ರತಿ ಗೆಣ್ಣಿನಲ್ಲೂ ಬೇರು ಬಿಟ್ಟಿರುತ್ತದೆ, ಒಂದೊಂದನ್ನೂ ಎಬ್ಬಿಸಬೇಕು. ಕಿತ್ತದ್ದನ್ನು ಹಸಿ ನೆಲದಲ್ಲಿ ರಾಶಿ ಹಾಕಬೇಡಿ, ಬೇಲಿಯ ತಂತಿಗೆ ನೇತು ಹಾಕಿ. ಹೂ ಬರುವುದು ಅಕ್ಟೋಬರಿನಿಂದ. ಸೋಣದ ಕೊನೆಗೆ ಬೇಲಿಯ ಆಚೆ ಬದಿಯನ್ನೂ ಒಮ್ಮೆ ಸವರಿದರೆ ಮುಂದಿನ ವರ್ಷದ ಬೀಜ ಅಷ್ಟು ಕಮ್ಮಿ. ರಬ್ಬರ್ ತೋಟದ ಪಕ್ಕದವರಿಗೆ, ಅಲ್ಲಿ ನೆಲ ಮುಚ್ಚಲು ಬೆಳೆಸುವ ಮ್ಯೂಕುನಾ ಬಳ್ಳಿಯದ್ದೂ ಇದೇ ಕ್ರಮ.

ಅಂಚು ಕಾಯದೆ ಒಳಗೆ ಎಷ್ಟು ಕಿತ್ತರೂ ಪ್ರಯೋಜನ ಇಲ್ಲ. ರಸ್ತೆಯ ಬದಿಗೆ 30 ಅಡಿ ಉದ್ದಕ್ಕೂ ಲಾವಂಚ ನೆಡಿ. ಬುಡ ಒಡೆದು, ಎಲೆಯನ್ನು ಗೇಣಿಗೆ ಕತ್ತರಿಸಿ, ಅರ್ಧ ಅಡಿಗೊಂದರಂತೆ 60 ಸಸಿ. ಎರಡನೇ ಮಳೆಗಾಲಕ್ಕೆ ಅದು ಗೋಡೆ, ಬೇರು ನೇರ ಕೆಳಗೇ ಹೋಗುವುದರಿಂದ ಪಾತಿಗೆ ತೊಂದರೆ ಇಲ್ಲ. ಅಷ್ಟರ ತನಕ ಅದರ ಹೊರಬದಿಗೆ ಗೇಣು ಅಗಲ, ಗೇಣು ಆಳದ ಕಣಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕಣಿಯ ಗೋಡೆ ಕೆತ್ತಿ, ದಾಟಲು ಬಂದ ಬಳ್ಳಿ ಕತ್ತರಿಸಿ.

ಇನ್ನೊಂದು: ಜೇಕು ನಿಮ್ಮ ಪಾತಿಗೆ ಟಿಪ್ಪರಿನ ಮಣ್ಣಲ್ಲೇ ಬಂದಿರಬೇಕು. ಪುನಃ ನರ್ಸರಿಯ ತೊಟ್ಟೆಯ (ಪ್ಲಾಸ್ಟಿಕ್ ಚೀಲದ) ಗಿಡಗಳ ಜತೆ ಬರದ ಹಾಗೆ ನೋಡಿ. ನೆಡುವ ಮೊದಲು ತೊಟ್ಟೆಯ ಮೇಲಿನ 2–3 ಸೆಂ.ಮೀ. ಮಣ್ಣು ಕೆರೆದು ತೆಗೆಯಿರಿ. ಬೇರಿನ ಸುತ್ತ ಕಪ್ಪು ಗಡ್ಡೆ ಕಂಡರೆ ಬೇರು ತೊಳೆದು ನೆಡಿ. ಜೂನಿನ ಮೋಡದ ದಿನ ತೊಳೆದು ನೆಟ್ಟರೂ ಬದುಕುತ್ತದೆ.

ಸೋಗೆ, ಪೆರ್ಲ

ಖಾಲಿ ಅರ್ಧ ಖಾಲಿಯೇ ಇದ್ದರೆ ಇಷ್ಟೆಲ್ಲ ಮಾಡಿದ್ದು ಮುಂದಿನ ಆಟಿಯ ತನಕ ಮಾತ್ರ. ಜೂನ್ ಮೊದಲ ವಾರದಲ್ಲೇ ಒತ್ತಾಗಿ ನೆಡಿ. ಪೊದೆ ಗಿಡ ಮೂರೂವರೆ ಅಡಿಗೊಂದು, ನಡುವೆ ನೆಲ ಮುಚ್ಚುವಂಥದ್ದು ಅಡಿಗೊಂದು. 90 ಚದರ ಅಡಿಗೆ ಹತ್ತಿರ ಹತ್ತಿರ 80 ಸಸಿ. ನೆರಳಿನ ಮೂಲೆಗೆ ಹಿಪ್ಪಲಿ, ನೀರು ನಿಂತು ಹೋಗುವ ತಗ್ಗಿಗೆ ತಿಮರೆ (ಒಂದೆಲಗ), ಬಿಸಿಲಿಗೆ ವಿಷ್ಣುಕ್ರಾಂತಿ. ಗುಂಡಿಗೊಂದು ಹಿಡಿ ಚೆನ್ನಾಗಿ ಕೊಳೆತ ಗೊಬ್ಬರ, ಅದಕ್ಕಿಂತ ಹೆಚ್ಚು ಬೇಡ. ಮುರದ ಮೇಲಿನ ಬಡ ಮಣ್ಣಿಗೆ ಒಗ್ಗಿದ ಗಿಡಗಳು ಇವು. ಬುಟ್ಟಿಗಟ್ಟಲೆ ಹಟ್ಟಿಗೊಬ್ಬರ ಹಾಕಿದರೆ ಅದನ್ನು ಮೊದಲು ಉಣ್ಣುವುದು ಜೇಕು. ಹಸಿ ಗೊಬ್ಬರದಲ್ಲಿ ದನ ತಿಂದ ಹುಲ್ಲಿನ ಬೀಜವೂ ಜೀವಂತ ಇರುತ್ತದೆ.

ತರಗೆಲೆ ಹಾಕಿದ ಪಾತಿಗೆ ಮಳೆಗಾಲದಲ್ಲಿ ಆಫ್ರಿಕನ್ ಬಸವನಹುಳು ಸೇರುತ್ತದೆ. ರಾತ್ರಿ ಎಂಟರ ನಂತರ ಟಾರ್ಚ್ ಹಿಡಿದು ಹೆಕ್ಕಬೇಕು, ಬರಿಗೈಯಲ್ಲಿ ಮುಟ್ಟಬಾರದು, ಕೈಗವಸು ಬೇಕು. ಎಳೆ ತಿಮರೆಯನ್ನು ಒಂದೇ ರಾತ್ರಿಯಲ್ಲಿ ಬೋಳು ಮಾಡುತ್ತದೆ. ಉಪ್ಪು ಮಾತ್ರ ಪಾತಿಗೆ ಚೆಲ್ಲಬೇಡಿ. ಹುಳುವಿಗೂ ಬೇಡ, ಕಳೆಗೂ ಬೇಡ. ಉಪ್ಪು ತೆಂಗಿಗೆ ಆಗಬಹುದು, ತಿಮರೆಗೆ, ನೆಲತಾಳೆಗೆ ಆಗುವುದಿಲ್ಲ. ವಿನೆಗರ್ ಎಲೆ ಸುಡುತ್ತದೆ, ಗಡ್ಡೆ ಮುಟ್ಟುವುದಿಲ್ಲ. ಅಂಗಳದ ಇಂಟರ್‌ಲಾಕ್ ಸಂದಿಯ ಹುಲ್ಲಿಗೆ ಕುದಿಯುವ ನೀರು ಸಾಕು.

ಗುಡ್ಡೆಬದಿ, ದೇಲಂಪಾಡಿ

ಕಳೆನಾಶಕ ಬೇಡ ಅಂದದ್ದು ಸರಿಯೇ. ಗ್ಲೈಫೋಸೇಟ್ ಎಂಬ ಕಳೆನಾಶಕದ ಮಾರಾಟವನ್ನು ಕೇರಳ ಸರ್ಕಾರ 2019ರಲ್ಲೇ ನಿಷೇಧಿಸಿತು. ನಮ್ಮ ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದು ಕೀಟನಾಶಕ, ಇದು ಬೇರೆ. ಆದರೆ ಗುಡ್ಡೆಯಲ್ಲಿ ಸಿಂಪಡಿಸಿದ್ದು ಮುರದ ಸಂದಿಯಲ್ಲಿ ಇಳಿದು ಸುರಂಗದ (ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಬಿಲ) ನೀರಿಗೆ, ತೋಡಿಗೆ ಬರುತ್ತದೆ ಎಂಬುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 180 ಚದರ ಅಡಿ ಕೈಯಲ್ಲಿ ಆಗುವ ಕೆಲಸ. ಮೊದಲ ವರ್ಷ ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೆ ಅರ್ಧ ಗಂಟೆ, ಮಳೆ ಬಿಟ್ಟ ಹೊತ್ತಿನಲ್ಲಿ. ಪಾತಿಯ ಒಳಗೆ ಕಾಲಿಡದೆ, ಅಗಲ 6 ಅಡಿ ಆದ್ದರಿಂದ ಎರಡೂ ಬದಿಯಿಂದ ಕೈ ಚಾಚಿ. ಹಸಿ ಮಣ್ಣು ಮೆಟ್ಟಿದರೆ ಬಿಗಿದುಕೊಂಡು ಜೇಕಿನ ಎಲೆ ಮಾತ್ರ ಕೈಗೆ ಬರುತ್ತದೆ, ಬುಡದ ಗಂಟು ಬರುವುದಿಲ್ಲ.

ಕೇಪಳ, ಬದಿಯಡ್ಕ

ಕೊನೆಗೊಂದು. ಕಿತ್ತ ಕಳೆ ಎಲ್ಲ ಎರೆಗೊಬ್ಬರದ ತೊಟ್ಟಿಗೆ ಹಾಕಬಹುದೇ?

ತಿಮರೆ, ಮಂಜೇಶ್ವರ

ಹೂ ಬರುವ ಮೊದಲು ಕಿತ್ತ ಕಮ್ಯುನಿಸ್ಟ್ ಗಿಡ, ಸಹದೇವಿ ಇಂಥದ್ದನ್ನು ಒಣಗಿಸಿ ಹಾಕಬಹುದು. ಬೀಜ ಕಟ್ಟಿದ್ದು ಬೇಡ. ಕುಡ್ಲಿನ ಸಿಪಿಸಿಆರ್‌ಐಯವರು (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ತೆಂಗಿನ ಮಡಲಿನಿಂದ ಎರೆಗೊಬ್ಬರ ಮಾಡುವ ಕ್ರಮ ಹೇಳಿಕೊಟ್ಟಿದ್ದಾರಲ್ಲ, ಅದರಲ್ಲಿ ಎರೆಹುಳ ಬದುಕಬೇಕಾದರೆ ತೊಟ್ಟಿ ತಂಪಾಗಿರಬೇಕು. ತಂಪು ತೊಟ್ಟಿಯಲ್ಲಿ ಬೀಜ ಸಾಯುವುದಿಲ್ಲ. ಬೀಜ ಸಾಯಬೇಕಾದರೆ ರಾಶಿಯ ನಡು 55 ಡಿಗ್ರಿ ದಾಟಬೇಕು.

ಮುರಕಲ್ಲು, ಮುಳ್ಳೇರಿಯ

ವೆಡೇಲಿಯಾ, ಧೃತರಾಷ್ಟ್ರ ಪಚ್ಚಕ್ಕೆ 200 ಲೀಟರಿನ ಡ್ರಮ್ ಇಡಿ. ಬಳ್ಳಿ ತುಂಬಿ, ಮೇಲೆ ಕಲ್ಲು ಹೇರಿ, ಪೂರ್ತಿ ಮುಳುಗುವಷ್ಟು ನೀರು, ಬಾಯಿಗೆ ಸೊಳ್ಳೆಪರದೆ ಬಿಗಿದು ಕಟ್ಟಿ. ಆರು ವಾರಕ್ಕೆ ಗೆಣ್ಣು ಕೊಳೆತು ಲೋಳೆ ಆಗಿರುತ್ತದೆ. ಆ ನೀರನ್ನು ಹತ್ತು ಪಾಲು ನೀರು ಸೇರಿಸಿ ಬಾಳೆಗೆ ಹಾಕಿ, ಪಾತಿಗೆ ಬೇಡ. ಜೇಕಿನ ಗಡ್ಡೆ ಡ್ರಮ್ಮಿಗೂ ಬೇಡ, ತಿಂಗಳುಗಟ್ಟಲೆ ನೀರಲ್ಲಿದ್ದರೂ ಅದು ತಡೆದುಕೊಳ್ಳುತ್ತದೆ. ಅದಕ್ಕೆ ಬಿಸಿಲು, ಮತ್ತೆ ಒಲೆ.